ಮಂಚದಿಂದ ಮಂಚಕ್ಕೆ ಎಷ್ಟು ದೂರ

ನಮ್ಮನೆಯವಳು ಸಿಟಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದಳು. "ಆಗಿದ್ದಳು" ಅಂದ್ರೆ ಅವಳಿಗೆ ಸಿಟ್ಟು ಬರುತ್ತೆ, ಅದಕ್ಕೇ ಎದುರಿಗೆ ಹಾಗನ್ನೋಲ್ಲ. ರಿಟೈರ್ ಆಗಿ ವರ್ಷಗಳೇ ಕಳೆದ್ರೂ ಮನೆಗೆ ನೆಂಟರು ಬಂದ್ರೆ ಸೋಫಾದ ಮುಂದೆ ನಿಂತು, "ಸ್ವಲ್ಪ ಒಳಗೆ ಸರ್ಕೊಳ್ಳಿ, ಇನ್ನೊಬ್ಬರು ಕೂರಬಹುದು" ಅಂತಾಳೆ. ನನ್ನ ತಮ್ಮನ ಹೆಂಡತಿ ಒಂದು ಸಲ, "ಅಕ್ಕ, ಟಿಕೆಟ್ ತಗೋಬೇಕಾ?" ಅಂತ ಕೇಳಿಯೇಬಿಟ್ಟಳು. "ನಿಂತೋರಿಗೂ ಅಷ್ಟೇ ರೇಟು, ಕೂತ್ಕೊ" ಅಂದಳು ಇವಳು.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಕಿಟಕಿ ಪಕ್ಕ ಮಷಿನ್ನು, ಗೋಡೆಗೆ ಆನಿಸಿ ಕತ್ತರಿಸೋ ಮೇಜು, ಮೇಲೆ ಹ್ಯಾಂಗರಿನಲ್ಲಿ ಯಾರೂ ಬಂದು ತಗೊಂಡು ಹೋಗದ ಪ್ಯಾಂಟುಗಳು. ನಾನು ಕೂತು ಕೂತು ಸೊಂಟ ಹಿಡಿಸ್ಕೊಂಡೋನು, ಅವಳು ನಿಂತು ನಿಂತು ಕಾಲಿನ ನರ ಊದಿಸ್ಕೊಂಡೋಳು. ಒಳ್ಳೇ ಜೋಡಿ. ರಿಟೈರ್ ಆದಮೇಲಾದ್ರೂ ಒಂದು ಕಡೆ ಕೂರ್ತಾಳೆ ಅಂದ್ಕೊಂಡಿದ್ದೆ. ಎಲ್ಲಿ ಬಂತು! ನಾಯಿಗೆ ಮಾಡೋಕೆ ಕೆಲಸ ಇಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ ಅಂತಾರಲ್ಲ, ಹಾಗೆ ಮನೆ ತುಂಬ ಓಡಾಡ್ತಿದ್ದಳು. ಈ ಗಾದೇನ ಅವಳ ಕಿವಿಗೆ ಬೀಳೋ ಹಾಗೆ ಒಂದೇ ಒಂದು ಸಲ ಹೇಳಿದ್ದೆ. ಆವತ್ತು ನನ್ನ ತಟ್ಟೆಯಲ್ಲಿ ಯಾವುದಕ್ಕೂ ಉಪ್ಪಿರಲಿಲ್ಲ.

ಹೀಗಿರೋವಾಗ ನನ್ನ ಕಣ್ಣಿಗೆ ಪೊರೆ ಬಂದು ಆಪರೇಷನ್‌ಗೆ ಅಂತ ಆಸ್ಪತ್ರೆಗೆ ಹೋದ್ವಿ. ನನ್ನನ್ನ ಒಳಗೆ ಕಳಿಸಿ ಹೊರಗೆ ಬೆಂಚಿನ ಮೇಲೆ ಕೂತಿದ್ದೋಳು, ನಾನು ಒಂದು ಕಣ್ಣಿಗೆ ಪಟ್ಟಿ ಹಾಕಿಸ್ಕೊಂಡು ಬರೋ ಹೊತ್ತಿಗೆ ಪಕ್ಕದ ಕೋಣೆಗೆ ಹೋಗಿ ಹೊಸ ಕೆಲಸಕ್ಕೆ ಹೆಸರು ಕೊಟ್ಟು ಬಂದಿದ್ದಳು. "ಸಂಬಳ ಇಲ್ಲ ರೀ, ಆದ್ರೆ ಟಿಕೆಟ್ ಅವರದ್ದೇ. ಊರಿಗೆಲ್ಲ ಟಿಕೆಟ್ ಕೊಟ್ಟೆ, ನನಗೆ ಕೊಡೋರು ಈಗ ಸಿಕ್ಕಿದಾರೆ" ಅಂತ ನಕ್ಕಳು. ನನಗೆ ಒಂದೇ ಕಣ್ಣಲ್ಲಿ ಕಂಡರೂ ಆ ನಗು ಚೆನ್ನಾಗಿಯೇ ಕಂಡಿತು.

ಕೆಲಸ ಏನಪ್ಪಾ ಅಂದ್ರೆ ಪೆಟ್ಟಿಗೆ ಹೊರೋದು. ರಕ್ತದ ಕ್ಯಾನ್ಸರ್ ಬಂದ ಕೆಲವರಿಗೆ ಬೇರೆಯವರ ಮೂಳೆಮಜ್ಜೆಯ ಜೀವಕೋಶ ಹಾಕಿದ್ರೆ ಮಾತ್ರ ಉಳಿಗಾಲ. ಅದು ಹೊಂದೋ ಮನುಷ್ಯ ಒಡಹುಟ್ಟಿದೋರಲ್ಲೇ ಸಿಗಬೇಕು ಅಂತೇನಿಲ್ಲ. ಎಲ್ಲೋ ಸಮುದ್ರದಾಚೆ, ಹೆಸರೂ ಕೇಳದ ಊರಲ್ಲಿ, ಯಾವನೋ ಒಬ್ಬ ಇರ್ತಾನೆ. ಅವನ ಮೈಯಿಂದ ತೆಗೆದದ್ದನ್ನ ಅಂಗೈ ಅಗಲದ ಚೀಲದಲ್ಲಿ ತುಂಬಿ, ಚೀಲವನ್ನ ತಣ್ಣನೆ ಪೆಟ್ಟಿಗೆಯಲ್ಲಿಟ್ಟು ಕೊಡ್ತಾರೆ. ಆ ಪೆಟ್ಟಿಗೆಯನ್ನ ಒಬ್ಬರು ಕೈಯಲ್ಲೇ ಹಿಡ್ಕೊಂಡು ವಿಮಾನ ಹತ್ತಿ ರೋಗಿಯ ಆಸ್ಪತ್ರೆಗೆ ಮುಟ್ಟಿಸಬೇಕು. ಬೇರೆ ಸಾಮಾನಿನ ಜೊತೆ ಹಾಕೋ ಹಾಗಿಲ್ಲ, ಎಕ್ಸ್‌ರೇ ಮಷಿನ್ನಿನೊಳಗೆ ಬಿಡೋ ಹಾಗಿಲ್ಲ, ಬಿಸಿಯಾಗಬಾರದು, ಹೆಪ್ಪುಗಟ್ಟಲೂಬಾರದು. ಆ ಕಡೆ ಕಾಯ್ತಿರೋ ರೋಗಿಯ ಸ್ವಂತ ಮಜ್ಜೆಯನ್ನ ಅಷ್ಟು ಹೊತ್ತಿಗಾಗಲೇ ಔಷಧಿ ಕೊಟ್ಟು ಪೂರ್ತಿ ಸುಟ್ಟಿರ್ತಾರೆ. ಪೆಟ್ಟಿಗೆ ಬಂದ್ರೆ ಆ ಜೀವ ಉಂಟು, ಬರದಿದ್ರೆ ಇಲ್ಲ. ಇಷ್ಟೆಲ್ಲ ಮಾಡಿದ್ರೂ, ಕೊಟ್ಟೋರು ಯಾರು, ತಗೊಳ್ಳೋರು ಯಾರು ಅಂತ ಹೊತ್ತೋರಿಗೆ ಹೇಳೋಲ್ಲ. ಕೇಳೋ ಹಾಗೂ ಇಲ್ಲ.

ನನಗೆ ಇದು ಸುತರಾಂ ಇಷ್ಟ ಇರಲಿಲ್ಲ. "ಏ ಇವಳೇ, ದಾರಿಯಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಪಾಪ ಯಾರ ತಲೆಗೆ?" ಅಂದೆ.

"ಯಾರೂ ಹೊರದೇ ಇದ್ರೆ ಅದು ಯಾರ ತಲೆಗೆ ರೀ?" ಅಂದಳು.

ನಾನು ದಾರ ಕಚ್ಚಿ ತುಂಡು ಮಾಡಿದೆ.

ಮೊದಲನೇ ಸಲ ಹೋದಾಗಿನ ಕಥೆ ನಮ್ಮನೆಯಲ್ಲಿ ಈಗಲೂ ನಡೆಯುತ್ತೆ. ವಿಮಾನ ಇಳಿದು ನಿಂತ ತಕ್ಷಣ ಎಲ್ಲರೂ ಎದ್ದು ನೂಕಾಡೋಕೆ ಶುರು ಮಾಡಿದ್ರಂತೆ. ಇವಳಿಗೆ ತಡೆಯಲಿಲ್ಲ. ಪೆಟ್ಟಿಗೆಯನ್ನ ಎದೆಗೆ ಅವಚಿಕೊಂಡು ಎದ್ದು ನಿಂತು, "ಬಾಗಿಲ ಹತ್ರ ಇರೋರು ಮೊದಲು, ಹಿಂದಿರೋರು ಆಮೇಲೆ, ಯಾಕೆ ಅರ್ಜೆಂಟು, ಬಸ್ಸೇನು ಓಡಿಹೋಗುತ್ತಾ?" ಅಂದಳಂತೆ. ಭಾಷೆ ಒಬ್ಬರಿಗೂ ಅರ್ಥ ಆಗಲಿಲ್ಲ. ಆದ್ರೂ ಎಲ್ಲರೂ ಕೂತ್ಕೊಂಡ್ರಂತೆ. ಇಷ್ಟು ವರ್ಷದ ಗಂಟಲು ಅದು, ಭಾಷೆ ಯಾಕೆ ಬೇಕು?

ಹೀಗೆ ಆಗಾಗ ಹೋಗಿ ಬರ್ತಿದ್ದಳು. ಹೋದಾಗಲೆಲ್ಲ ನನಗೆ ಎರಡು ದಿನ ತಳಮಳ, ಬಂದ ಮೇಲೆ ಎರಡು ದಿನ ಜಂಬ. ಬಟ್ಟೆ ಅಳತೆ ಕೊಡೋಕೆ ಬಂದೋರಿಗೆಲ್ಲ ಹೇಳ್ತಿದ್ದೆ. ಅವರು ತೋಳು ಚಾಚಿ ನಿಂತಿರ್ತಾರಲ್ಲ, ಎಲ್ಲೂ ತಪ್ಪಿಸ್ಕೊಂಡು ಹೋಗೋಕಾಗೋಲ್ಲ.

ಈಗ ಹೇಳ್ತಿರೋದು ಅವಳ ಅತೀ ದೂರದ ಪ್ರಯಾಣ. ಆ ಸಲ ಮಜ್ಜೆ ಕೊಟ್ಟೋರು ನಮ್ಮ ಊರಿನ ಆಸ್ಪತ್ರೆಯಲ್ಲೇ ಮಲಗಿದ್ರು, ತಗೊಳ್ಳೋರು ಭೂಮಿಯ ಇನ್ನೊಂದು ಬದಿಯಲ್ಲಿ. ನಾನು ಮೊಬೈಲ್ ತೆಗೆದು ನಮ್ಮ ವಿಮಾನ ನಿಲ್ದಾಣದ ಹೆಸರು, ಆ ಊರಿನ ನಿಲ್ದಾಣದ ಹೆಸರು ಎರಡೂ ಒತ್ತಿದೆ. ಒಂಬತ್ತು ಸಾವಿರ ಕಿಲೋಮೀಟರ್ ಚಿಲ್ಲರೆ, ಹಾರಾಟದ ಸಮಯ ಹನ್ನೊಂದು ಗಂಟೆ ಅಂತ ಬಂತು. ಎರಡು ಊರಿನ ಮಧ್ಯೆ ಬಿಲ್ಲಿನ ಹಾಗೆ ಬಾಗಿದ ಒಂದು ಗೆರೆ ಬೇರೆ. "ಅಯ್ಯೋ ಇಷ್ಟೇನಾ? ಬೆಳಿಗ್ಗೆ ತಿಂಡಿ ತಿಂದು ಹೊರಟ್ರೆ ರಾತ್ರಿ ಊಟಕ್ಕೆ ಅಲ್ಲಿ" ಅಂದೆ.

ಅವಳು ಬಟ್ಟೆ ಮಡಚ್ತಿದ್ದೋಳು ತಲೆಯೆತ್ತಲಿಲ್ಲ. "ಅದು ಕಾಗೆ ಲೆಕ್ಕ ರೀ. ಕಾಗೆ ಸೆಕ್ಯುರಿಟಿಯಲ್ಲಿ ಸಾಲು ನಿಲ್ಲೋಲ್ಲ, ಕಾಗೆ ಮಧ್ಯದಲ್ಲಿ ವಿಮಾನ ಬದಲಾಯಿಸೋಲ್ಲ, ಇಳಿದ ಮೇಲೆ ಟ್ಯಾಕ್ಸಿಗೆ ಕಾಯೋಲ್ಲ. ನನ್ನ ಲೆಕ್ಕ ನಿಲ್ದಾಣದಿಂದ ನಿಲ್ದಾಣಕ್ಕಲ್ಲ, ಮಂಚದಿಂದ ಮಂಚಕ್ಕೆ. ಕೊಟ್ಟೋರ ಮಂಚದಿಂದ ತಗೊಳ್ಳೋರ ಮಂಚಕ್ಕೆ."

ಆ ಲೆಕ್ಕ ಹಾಕಿದ್ರೆ ಒಂದು ಹಗಲು ಒಂದು ರಾತ್ರಿ ಮೀರಿ ಹೋಗ್ತಿತ್ತು. ನೇರ ವಿಮಾನ ಇರಲಿಲ್ಲ. ಎರಡು ದಾರಿ ಇದ್ವು. ಒಂದರಲ್ಲಿ ಮಧ್ಯದ ಊರಲ್ಲಿ ಇಳಿದು ಓಡೋಡಿ ಇನ್ನೊಂದು ವಿಮಾನ ಹತ್ತಬೇಕು, ಆದ್ರೆ ನಾಲ್ಕು ಗಂಟೆ ಮುಂಚೆ ಸೇರಬಹುದು. ಇನ್ನೊಂದರಲ್ಲಿ ಬೇರೆ ಊರಿನ ಮೇಲೆ ಸುತ್ತಿ, ಅಲ್ಲಿ ಸುಮ್ಮನೆ ಕಾದು, ನಿಧಾನಕ್ಕೆ ಸೇರೋದು. ಇವಳು ಎರಡನೇದನ್ನ ಹಿಡಿದಳು. ಟಿಕೆಟ್ ಮಾಡೋ ಕಚೇರಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಚುರುಕು ಹುಡುಗಿ, ಅವಳದ್ದೂ ಅದೇ ಮಾತು. ನನಗೆ ಮೈಯೆಲ್ಲ ಉರಿದು ಹೋಯ್ತು.

"ಅಲ್ಲ, ಜೀವ ಹೋಗ್ತಿರೋರು ಅಲ್ಲಿ ಕಾಯ್ತಿದಾರೆ, ನೀವಿಬ್ಬರೂ ಊರು ಸುತ್ಕೊಂಡು ಹೋಗೋ ಮಾತಾಡ್ತೀರಲ್ಲ?"

"ರೀ, ಮೊದಲನೇ ದಾರಿಯಲ್ಲಿ ವಿಮಾನ ತಪ್ಪಿದ್ರೆ ಮುಂದಿನದ್ದು ಮಾರನೇ ದಿನ. ಎರಡನೇ ದಾರಿಯಲ್ಲಿ ತಪ್ಪಿದ್ರೆ ಅದೇ ದಿನ ಇನ್ನೊಂದಿದೆ. ಯಾವತ್ತಿದ್ರೂ ಹಿಂದೆ ಇನ್ನೊಂದು ಬಸ್ಸಿರೋ ಬಸ್ಸನ್ನೇ ಹತ್ತಬೇಕು."

ಹತ್ತಿದಳು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಪೆಟ್ಟಿಗೆ ಇಸ್ಕೊಂಡು, ನಿಲ್ದಾಣದ ಬಾಗಿಲಲ್ಲಿ ನನಗೆ "ಗ್ಯಾಸ್ ಆಫ್ ಮಾಡೋದು ಮರೀಬೇಡಿ" ಅಂತ ಹೇಳಿ ಒಳಗೆ ಹೋದಳು. ವಿಮಾನದಲ್ಲಿ ಎಲ್ಲರೂ ಕೂತು ಬೆಲ್ಟ್ ಕಟ್ಕೊಂಡ ಮೇಲೆ ರೆಕ್ಕೆಯ ಹತ್ರ ಏನೋ ಕೆಟ್ಟಿದೆ ಅಂತ ಗೊತ್ತಾಯ್ತಂತೆ. ಸರಿಮಾಡ್ತೀವಿ ಸರಿಮಾಡ್ತೀವಿ ಅಂತ ಅಲ್ಲೇ ಕೂರಿಸಿದ್ರು. ಮಧ್ಯದ ಊರು ಸೇರೋ ಹೊತ್ತಿಗೆ ಅವಳು ಹತ್ತಬೇಕಾದ ವಿಮಾನ ಹಾರಿಹೋಗಿತ್ತು.

ಅಲ್ಲಿಂದ ಫೋನ್ ಮಾಡಿದಳು. ನಾನು ಏನು ಹೇಳಬೇಕಿತ್ತು? ಧೈರ್ಯ ಹೇಳಬೇಕಿತ್ತು. ನನ್ನ ಬಾಯಿಗೆ ಬಂದದ್ದು, "ನಾನು ಹೇಳಿರಲಿಲ್ವಾ?"

"ಆ ಮಾತನ್ನ ನಾನು ಬಂದ ಮೇಲೆ ಆಡಿ, ಎಷ್ಟು ಹೊತ್ತು ಬೇಕಾದ್ರೂ ಕೂತು ಕೇಳ್ತೀನಿ. ಈಗ ಬ್ಯಾಟರಿ ಕಡಿಮೆ ಇದೆ" ಅಂದಳು. ದನಿಯಲ್ಲಿ ಕೋಪ ಇರಲಿಲ್ಲ. ಅದರಿಂದಲೇ ನನಗೆ ಹೆದರಿಕೆ ಹತ್ತಿಕೊಂಡಿತು, ಕೋಪ ಇಲ್ಲ ಅಂದ್ರೆ ಇವಳಿಗೂ ಭಯ ಆಗಿದೆ ಅಂತಲೇ ಅರ್ಥ.

ಅವಳು ಹೇಳಿದ್ದ ಹಾಗೆ ಅದೇ ದಿನ ಇನ್ನೊಂದು ವಿಮಾನ ಏನೋ ಇತ್ತು. ಆದ್ರೆ ಒಂದು ಸೀಟೂ ಖಾಲಿ ಇರಲಿಲ್ಲ. ಅದರ ಮುಂದಿನದ್ದು ಮಾರನೇ ದಿನ ಸಂಜೆ. ಚೀಲದೊಳಗಿರೋದು ಜೀವ. ಅದು ಗಂಟೆ ಗಂಟೆಗೂ ಸಾಯ್ತಾ ಬರುತ್ತೆ. ಮಾರನೇ ಸಂಜೆಯವರೆಗೆ ಕೂತ್ರೆ ರೋಗಿಗೆ ಸಾಲುವಷ್ಟು ಉಳಿದಿರುತ್ತೋ ಇಲ್ಲವೋ ಯಾರೂ ಹೇಳೋ ಹಾಗಿರಲಿಲ್ಲ. ಕಚೇರಿ ಹುಡುಗಿ ಇಲ್ಲಿಂದ ಫೋನಿನ ಮೇಲೆ ಫೋನು ಮಾಡಿ ಆ ವಿಮಾನದೋರ ಜೀವ ತಿನ್ನುತ್ತಿದ್ದಳು. ಅವರೂ ಕೆಟ್ಟೋರಲ್ಲ. ಆದ್ರೆ ದುಡ್ಡು ಕೊಟ್ಟು ಕೂತೋರನ್ನ ಎಬ್ಬಿಸೋದು ಹೇಗೆ?

ಅಲ್ಲಿನ ಮ್ಯಾನೇಜರ್ ಒಬ್ಬ ತುಂಬ ಒಳ್ಳೇ ಮನುಷ್ಯ. ಒಳ್ಳೇತನವೇ ಮುಳುವಾಗೋದಿತ್ತು. "ಅಮ್ಮ, ನೀವು ಸುಸ್ತಾಗಿದೀರಿ, ಮಲಗಿ. ಪೆಟ್ಟಿಗೆಯನ್ನ ನಮ್ಮ ಅಡುಗೆಮನೆಯ ದೊಡ್ಡ ಫ್ರೀಜರಿನಲ್ಲಿ ಇಡಿಸ್ತೀನಿ, ನಾಳೆವರೆಗೂ ಕೆಡೋಲ್ಲ" ಅಂತ ಕೈ ಸನ್ನೆಯಲ್ಲೇ ಹೇಳಿ ಪೆಟ್ಟಿಗೆಗೆ ಕೈ ಹಾಕಿದನಂತೆ. ಫ್ರೀಜರಿಗೆ ಹೋಗಿದ್ರೆ ಅಲ್ಲಿಗೆ ಕಥೆ ಮುಗೀತಿತ್ತು, ಮಂಜುಗಟ್ಟಿ ಒಂದು ಜೀವಕೋಶವೂ ಉಳೀತಿರಲಿಲ್ಲ. ಇವಳು ಪೆಟ್ಟಿಗೆಯ ಪಟ್ಟಿಯನ್ನ ಭುಜದಿಂದ ತೆಗೆದು ಕುತ್ತಿಗೆಗೇ ಹಾಕ್ಕೊಂಡು, ಅವನ ಕೈಯನ್ನ ಮೆತ್ತಗೆ ಎತ್ತಿ ಅವನ ಜೇಬಿನ ಹತ್ರವೇ ಇಟ್ಟಳಂತೆ. ಪಾಪ, ಅವನು ಆಮೇಲೆ ಕಾಫಿ ತಂದುಕೊಟ್ಟ.

ಗೇಟಿನ ಹತ್ರ ಜನ ಸಾಲಾಗಿ ಕೂತಿದ್ರು. ಕೌಂಟರಿನ ಹೆಂಗಸು ಮೈಕಿನಲ್ಲಿ ಕೂಗಿದಳು: ಒಂದು ಜೀವ ಉಳಿಸೋ ವಿಷಯ, ಯಾರಾದ್ರೂ ಒಬ್ಬರು ಸೀಟು ಬಿಟ್ಟುಕೊಡ್ತೀರಾ? ಎರಡು ಸಲ ಕೂಗಿದಳು. ಜನ ಒಬ್ಬರ ಮುಖ ಒಬ್ಬರು ನೋಡಿದ್ರು, ಆಮೇಲೆ ಮೊಬೈಲ್ ನೋಡಿದ್ರು. ಯಾರೂ ಏಳಲಿಲ್ಲ.

ಇನ್ನೊಬ್ಬಳಾಗಿದ್ರೆ ಅಲ್ಲೇ ಕುಸಿದು ಅಳ್ತಿದ್ದಳು. ನಾನಾಗಿದ್ರೆ ಆ ಜನಕ್ಕೆಲ್ಲ ಶಾಪ ಹಾಕ್ತಿದ್ದೆ. ಇವಳು ಎದ್ದು ಕೌಂಟರಿನ ಹೆಂಗಸಿನ ತೋಳು ಹಿಡಿದು, "ಬಾ ನನ್ನ ಜೊತೆ" ಅಂತ ಕರ್ಕೊಂಡು ಹೊರಟಳು. ಬಂದ ಮೇಲೆ ನನಗೆ ಹೇಳಿದಳು: "ಬಸ್ಸಲ್ಲಿ ಬಸುರಿ ಹೆಂಗಸು ಹತ್ತಿದಾಗ 'ಯಾರಾದ್ರೂ ಸೀಟು ಕೊಡಿ' ಅಂತ ಕೂಗಿದ್ರೆ ಯಾರೂ ಏಳೋಲ್ಲ ರೀ. 'ಯಾರಾದ್ರೂ' ಅನ್ನೋ ಹೆಸರಿನ ಮನುಷ್ಯ ಯಾವ ಬಸ್ಸಲ್ಲೂ ಇರೋಲ್ಲ. ಒಬ್ಬರ ಹತ್ರ ಹೋಗಿ, ಅವರ ಮುಖ ನೋಡಿ, 'ನೀವು ಏಳಿ' ಅನ್ನಬೇಕು. ಏಳ್ತಾರೆ."

"ಯಾರ ಹತ್ರ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ಒಳ್ಳೇ ಮುಖದೋರ ಹತ್ರ ಹೋಗಬಾರದು. ಅವರು ಅಯ್ಯೋ ಪಾಪ ಅಂತಾರೆ, ಕೂತೇ ಇರ್ತಾರೆ. ನಿದ್ದೆ ಬಂದ ಹಾಗೆ ನಟಿಸೋರೂ ಬೇಡ. ನಮ್ಮನ್ನ ಒಂದು ಸಲ ನೋಡಿ ತಟಕ್ಕನೆ ಕಣ್ಣು ಬೇರೆ ಕಡೆ ತಿರುಗಿಸ್ತಾರಲ್ಲ, ಅವರ ಹತ್ರ ಹೋಗಬೇಕು. ಅವರ ಒಳಗೆ ಆಗಲೇ ಜಗಳ ಶುರುವಾಗಿರುತ್ತೆ."

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಹಾಗೆ ಕಣ್ಣು ತಿರುಗಿಸಿದೋನು ಸಾಲಿನ ಕೊನೆಯಲ್ಲಿ ಕೂತಿದ್ದ ಒಬ್ಬ ದಪ್ಪ ಮನುಷ್ಯ. ಕೋಟು ಹಾಕಿದ್ದ, ಮುಖ ಗಂಟು ಹಾಕಿದ್ದ. ಇವಳು ಹೋಗಿ ಅವನ ಮುಂದೆ ನಿಂತು, ಪೆಟ್ಟಿಗೆ ತೋರಿಸಿ, ನಮ್ಮ ಭಾಷೆಯಲ್ಲೇ ಹೇಳಿದಳು: "ನೋಡಪ್ಪ, ಇದರೊಳಗೆ ಒಬ್ಬರ ಪ್ರಾಣ ಇದೆ. ನಿನ್ನ ಸೀಟು ನನಗೆ ಬೇಕು. ನೀನೇ ಕೊಡಬೇಕು." ಜೊತೆಗಿದ್ದ ಹೆಂಗಸಿಗೆ ನಮ್ಮ ಭಾಷೆ ಬಾರದಿದ್ರೂ ವಿಷಯ ಗೊತ್ತಿತ್ತು, ಅದನ್ನ ಅವನ ಭಾಷೆಯಲ್ಲಿ ಹೇಳಿದಳು. ಅವನು ಕೆಂಡ ಆದ. ನನ್ನನ್ನೇ ಯಾಕೆ, ಇಷ್ಟು ಜನ ಇದಾರೆ, ನನಗೂ ಕೆಲಸ ಇದೆ, ನಿಮ್ಮ ಕಂಪನಿಯ ಹಣೆಬರಹವೇ ಇಷ್ಟು ಅಂತ ಕೂಗಾಡಿದ. ಇವಳು ಕದಲಲಿಲ್ಲ, ಮಾತೂ ಆಡಲಿಲ್ಲ. ಕೂಗಿ ಕೂಗಿ ಸಾಕಾದ ಮೇಲೆ ಅವನು ತನ್ನ ಟಿಕೆಟನ್ನ ಆ ಹೆಂಗಸಿನ ಕೈಗೆ ತುರುಕಿ, ಚೀಲ ಎತ್ಕೊಂಡು, ತಿರುಗಿಯೂ ನೋಡದೆ ಹೊರಟುಹೋದ. ಇವಳು ಹಿಂದಿನಿಂದ ಕೈ ಮುಗಿದದ್ದು ಅವನಿಗೆ ಕಾಣಲೂ ಇಲ್ಲ. ನಾನು ಈ ಕಥೆ ಹೇಳೋವಾಗ ಕೆಲವರು ಅವನನ್ನ ಒರಟ ಅಂತಾರೆ. ಇರಲಿ ಬಿಡಿ. ಅಯ್ಯೋ ಪಾಪ ಅಂದ ನೂರು ಜನರಿಗಿಂತ ಬೈದು ಸೀಟು ಕೊಟ್ಟೋನೇ ನನಗೆ ದೊಡ್ಡೋನು.

ಇತ್ತ ನಾನು ಮಷಿನ್ ಮುಂದೆ ಕೂತು ಒಂದು ಅಂಗಿಗೆ ಎರಡೂ ಎಡತೋಳನ್ನೇ ಹೊಲಿದಿದ್ದೆ. ಅಂಗಿಯ ಯಜಮಾನ, ಗ್ಯಾಸ್ ಅಂಗಡಿಯೋನು, ಹಾಕ್ಕೊಂಡು ನೋಡಿ, "ಏನ್ರೀ ಇದು, ಒಂದು ಕೈ ಹಿಂದಕ್ಕೆ ಹೋಗುತ್ತಲ್ಲ" ಅಂದ. ವಿಷಯ ಹೇಳಿದೆ. ಅವನು ಅಂಗಿ ಬಿಚ್ಚದೆ ಹಾಗೇ ಕೂತ. ಫೋನ್ ಬರೋವರೆಗೂ ಇಬ್ಬರೂ ಕೂತಿದ್ವಿ. "ಮುಟ್ಟಿಸಿದೆ ರೀ" ಅಂತ ಇವಳ ದನಿ ಕೇಳಿದಾಗ ಅವನು ನನಗಿಂತ ಮೊದಲು ಕಣ್ಣು ಒರೆಸ್ಕೊಂಡ, ಬಲಗೈಗೆ ಹೊಲಿದಿದ್ದ ಆ ಎಡತೋಳಿನಲ್ಲೇ.

ಆ ಆಸ್ಪತ್ರೆಯಲ್ಲಿ ಪೆಟ್ಟಿಗೆ ಇಸ್ಕೊಳ್ಳೋಕೆ ಬಂದ ನರ್ಸಮ್ಮನಿಗೆ ಇವಳು ಕೊಡೋಕೇ ಆಗಲಿಲ್ಲವಂತೆ. ಮನಸ್ಸಿಲ್ಲದೆ ಅಲ್ಲ, ಅಷ್ಟು ಹೊತ್ತು ಬಿಗಿ ಹಿಡಿದ ಬೆರಳುಗಳು ಮಡಚಿದ್ದು ಮಡಚಿದ ಹಾಗೇ ನಿಂತುಬಿಟ್ಟಿದ್ವು. ನರ್ಸಮ್ಮ ಒಂದೊಂದೇ ಬೆರಳು ಬಿಡಿಸಿ ಪೆಟ್ಟಿಗೆ ತಗೊಂಡಳು. ಒಳಗಿನ ತಂಪು ನೋಡಿದಳು, ಸರಿಯಾಗಿತ್ತು. ಸಹಿ ಹಾಕಿಸ್ಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು. ಇವಳು ಹೊರಗಿನ ಕುರ್ಚಿಯಲ್ಲೇ ನಿದ್ದೆ ಹೋದಳು.

ಬಂದ ಮೇಲೆ "ನಾನು ಹೇಳಿರಲಿಲ್ವಾ" ಅನ್ನೋ ಮಾತನ್ನ ನಾನು ಆಡಲಿಲ್ಲ. ಆಡೋಕೆ ಮುಖ ಎಲ್ಲಿತ್ತು? ಆದ್ರೆ ಇನ್ನೊಂದು ಹುಳ ತಲೆ ಹೊಕ್ಕಿತು. ಆ ಜೀವ ಉಳೀತೋ ಇಲ್ಲವೋ? ಗಂಡಸೋ ಹೆಂಗಸೋ, ಮಗುವೋ ಮುದುಕರೋ? "ಕಚೇರಿ ಹುಡುಗಿಯನ್ನ ಒಂದು ಮಾತು ಕೇಳು ತಾಯಿ" ಅಂತ ಪೀಡಿಸಿದೆ.

"ಕೇಳೋ ಹಾಗಿಲ್ಲ ರೀ."

"ನಿಯಮ ನನಗೂ ಗೊತ್ತು. ನಿನಗೆ ಆಸೆ ಆಗೋಲ್ವಾ?"

"ಆಗುತ್ತೆ. ಕೇಳಿ, ಇಲ್ಲ ಹೋಗಿಬಿಟ್ರು ಅಂದ್ರೆ, ಮುಂದಿನ ಪೆಟ್ಟಿಗೆ ಎತ್ತೋಕೆ ನನಗೆ ಕೈ ಬರೋಲ್ಲ. ಅದಕ್ಕೇ ಕೇಳೋಲ್ಲ" ಅಂದಳು. ಇಷ್ಟು ವರ್ಷ ಸಂಸಾರ ಮಾಡಿದೀನಿ, ಇವಳು ಹೆದರಿಕೆಯನ್ನ ಹೀಗೆ ಪಕ್ಕದಲ್ಲಿ ಕೂರಿಸ್ಕೊಂಡೇ ಕೆಲಸ ಮಾಡ್ತಾಳೆ ಅನ್ನೋದು ನನಗೆ ಅವತ್ತೇ ತಿಳಿದದ್ದು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ವರ್ಷದ ಮೇಲಾಯ್ತು. ಮಧ್ಯೆ ಬೇರೆ ಊರಿಗೆ ಬೇರೆ ಪೆಟ್ಟಿಗೆ ಹೊತ್ತಳು. ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ವಿ, ಕಚೇರಿ ಹುಡುಗಿ ಫೋನ್ ಮಾಡಿದಳು. ಇವಳ ಕೈ ಎಂಜಲಾಗಿತ್ತು ಅಂತ ನಾನೇ ಸ್ಪೀಕರಿಗೆ ಹಾಕಿ ಹಿಡಿದೆ.

"ಅಮ್ಮ, ಆ ದೂರದ ಊರಿಗೆ ಇನ್ನೊಂದು ಸಲ ಹೋಗಬೇಕಿತ್ತು. ಆ ದಾರಿ ನಿಮಗೆ ಗೊತ್ತಲ್ಲ. ಕೊಡ್ತಿರೋರೂ ಹೋದ ಸಲದೋರೇ, ತಗೊಳ್ಳೋರೂ ಆ ಸಲದೋರೇ. ಕಾಯಿಲೆ ಮತ್ತೆ ತಲೆ ಎತ್ತಿದೆಯಂತೆ. ಇದಕ್ಕಿಂತ ಜಾಸ್ತಿ ನಾನು ಹೇಳೋ ಹಾಗಿಲ್ಲ. ನಾಡಿದ್ದು ಬೆಳಿಗ್ಗೆ ಹೊರಡೋಕಾಗುತ್ತಾ?"

ನನಗೆ ಎಲ್ಲಿಲ್ಲದ ರೋಷ ಬಂತು. ತಟ್ಟೆ ದೂಡಿದೆ. "ಹಾಳು ಕಾಯಿಲೆ. ಅಷ್ಟೆಲ್ಲ ಒದ್ದಾಡಿ ತಗೊಂಡು ಹೋಗಿ ಕೊಟ್ಟದ್ದು ನೀರಲ್ಲಿ ಹೋಮ ಆಯ್ತಲ್ಲೇ" ಅಂದೆ.

ಅವಳು ಅಳ್ತಿದ್ದಳು. ನಾನು ಅವಳ ಕಣ್ಣಲ್ಲಿ ನೀರು ನೋಡಿದ್ದು ಬೆರಳಲ್ಲಿ ಎಣಿಸೋ ಅಷ್ಟು ಸಲ. ಅಳ್ತಾನೇ ನಗೋಕೆ ಶುರು ಮಾಡಿದಳು.

"ನಿಮಗೆ ಅರ್ಥ ಆಗಲಿಲ್ವಾ? ಬದುಕಿದಾರೆ ರೀ. ಒಂದು ವರ್ಷ ಬದುಕಿದಾರೆ. ಒಂದು ವರ್ಷ ಎದ್ದು ಸ್ನಾನ ಮಾಡಿದಾರೆ, ಊಟ ಮಾಡಿದಾರೆ, ಮನೆಯೋರ ಜೊತೆ ಜಗಳ ಆಡಿದಾರೆ. ಇವತ್ತೂ ಅಲ್ಲಿ ಕಾಯ್ತಾ ಇದಾರೆ."

ನಾನು ದೂಡಿದ್ದ ತಟ್ಟೆಯನ್ನ ಮತ್ತೆ ಹತ್ರಕ್ಕೆ ಎಳ್ಕೊಂಡೆ. ಅವಳು ಎಡಗೈಯಲ್ಲಿ ಕಣ್ಣು ಒರೆಸ್ಕೊಂಡು, ಫೋನಿನ ಹತ್ರ ಬಾಗಿ, "ಬರ್ತೀನಮ್ಮ, ಟಿಕೆಟ್ ಮಾಡು" ಅಂದಳು.

ಈ ಸಲ ನಾನು ಮೊಬೈಲಿನಲ್ಲಿ ದೂರ ನೋಡಲಿಲ್ಲ, ದಾರಿಯ ವಿಷಯದಲ್ಲಿ ಬಾಯಿ ಹಾಕಲಿಲ್ಲ. ಆಸ್ಪತ್ರೆಯಲ್ಲಿ ಪೆಟ್ಟಿಗೆ ಇಸ್ಕೊಳ್ಳೋವಾಗ ಜೊತೆಗೇ ನಿಂತಿದ್ದೆ. ನಿಲ್ದಾಣದ ಬಾಗಿಲಲ್ಲಿ ಅವಳು ತಿರುಗಿ, ಏನಾದ್ರೂ ಹೇಳೋದಿದೆಯಾ ಅನ್ನೋ ಹಾಗೆ ನನ್ನ ಮುಖ ನೋಡಿದಳು. ಯಾವಾಗಲೂ ನಾನು ಹೇಳೋದು ಒಂದೇ, ಬೇಗ ಬಾ ಅಂತ.

"ಬರೋದು ನಿಧಾನ ಆದ್ರೂ ಪರವಾಗಿಲ್ಲ" ಅಂದೆ. "ಹೋಗೋದು ಬೇಗ ಹೋಗು."